ಹಾಲಿ ಸಿಕ್ಕಾ ಮತ್ತು ನನ್ನ 2,899 ರೂಪಾಯಿ

ಸಿನಿಮಾ ನೋಡಿ ವಿಮರ್ಶೆ ಬರೀತೀವಿ, ಪುಸ್ತಕ ಓದಿ ಬರೀತೀವಿ, ಹೊಸ ಹೋಟೆಲಿನ ದೋಸೆ ತಿಂದೂ ಬರೀತೀವಿ. ಆದರೆ ನಮ್ಮಂಥವರು ದಿನಾ ಅತಿ ಹೆಚ್ಚು ಓದೋದು ಯಾವುದನ್ನ ಅಂತ ಕೂತು ಲೆಕ್ಕ ಹಾಕಿದ್ರೆ, ಅದು ಶಾಪಿಂಗ್ ಆಪಿನಲ್ಲಿ ಫೋಟೋ ಕೆಳಗಿರೋ ನಾಲ್ಕೈದು ಸಾಲು. ಅದನ್ನ ಯಾರೂ ಬರಹ ಅಂತ ಓದಲ್ಲ, ಅದರ ಮೇಲೆ ಯಾರೂ ವಿಮರ್ಶೆ ಬರೆಯಲ್ಲ. ಇವತ್ತು ನಾನು ಅಂಥ ಒಂದು ಬರಹವನ್ನ ಕೈಗೆತ್ತಿಕೊಂಡಿದ್ದೀನಿ. 2,899 ರೂಪಾಯಿ ಕೊಟ್ಟು ಓದಿದ್ದೀನಿ, ಹಾಗಾಗಿ ಮಾತಾಡೋ ಹಕ್ಕು ನನಗಿದೆ ಅಂದ್ಕೊಳ್ತೀನಿ.

ಬರಹ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳೋದಾದ್ರೆ ಹೀಗೆ: ‘ಅತ್ಯಂತ ಅಪರೂಪ! 1857ರ ಹೈದರಾಬಾದ್ ನಿಜಾಮರ ಬೆಳ್ಳಿ ರೂಪಾಯಿ. ಚಾರ್ಮಿನಾರ್ ಚಿತ್ರ. ರಾಯಚೂರು ಕೋಟೆ ಪ್ರದೇಶದಲ್ಲಿ ಸಿಕ್ಕಿದ್ದು. ಒಂದೇ ಪೀಸ್ ಉಳಿದಿದೆ. ಆಂಟಿಕ್ ಸ್ಟೈಲ್ ಕಲೆಕ್ಟರ್ಸ್ ಐಟಂ.’ ಕೆಳಗೆ ನಾಲ್ಕೂವರೆ ಸ್ಟಾರ್.

ಇಷ್ಟರಲ್ಲಿ ಆರು ಸುಳ್ಳಿವೆ. ಕೊಳ್ಳೋ ದಿನ ನನಗೆ ಒಂದೂ ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಅಂತ ಮೊದಲು ಹೇಳಬೇಕು. ನಮ್ಮೂರು ಮಾನ್ವಿ. ಕೆಲಸ ಬೆಂಗಳೂರಲ್ಲಿ, ಊರಿಗೆ ಹೋಗೋದು ವರ್ಷಕ್ಕೆ ಎರಡೋ ಮೂರೋ ಸಲ. ಚಿಕ್ಕವನಿದ್ದಾಗ ಅಜ್ಜನ ಬಾಯಲ್ಲಿ ‘ಹಾಲಿ ಸಿಕ್ಕಾ’ ಅನ್ನೋ ಮಾತು ಬಹಳ ಸಲ ಕೇಳಿದ್ದೆ. ‘ಹಾಲಿ ಶಾಸಕ, ಮಾಜಿ ಶಾಸಕ’ ಅಂತೀವಲ್ಲ, ಅದೇ ಹಾಲಿ. ಈಗ ಚಲಾವಣೆಯಲ್ಲಿರೋ ನಾಣ್ಯ ಅಂತ ಅರ್ಥ. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಅಲ್ಲಿ ನಡೀತಾ ಇದ್ದದ್ದು ಆ ಸಂಸ್ಥಾನದ್ದೇ ರೂಪಾಯಿ. ಭಾರತದ ರೂಪಾಯಿ ಬಂದಮೇಲೂ ಕೆಲವು ವರ್ಷ ಎರಡೂ ಜೊತೆಯಲ್ಲಿ ನಡೆದವು. ಹೈದರಾಬಾದಿನ 7 ರೂಪಾಯಿಗೆ ಭಾರತದ 6. 1959ರಲ್ಲಿ ಹಾಲಿ ಸಿಕ್ಕಾ ಪೂರ್ತಿ ಮಾಜಿ ಆಯ್ತು.

ಅಜ್ಜನ ಹತ್ತಿರ ಒಂದು ಹಾಲಿ ಸಿಕ್ಕಾನೂ ಉಳಿದಿರಲಿಲ್ಲ. 2024ರ ಮಾರ್ಚಿನಲ್ಲಿ, ರಾತ್ರಿ ಹನ್ನೊಂದೂವರೆಗೆ ಹಾಸಿಗೆ ಮೇಲೆ ಬಿದ್ಕೊಂಡು ಮೊಬೈಲ್ ತಿರುಗಿಸ್ತಿದ್ದಾಗ ಆ ಚಾರ್ಮಿನಾರ್ ಕಂಡಿತು. ‘ರಾಯಚೂರು’ ಅನ್ನೋ ಪದ ಓದಿದ ಮೇಲೆ ನಾನು ಮುಂದಕ್ಕೆ ಓದಲೇ ಇಲ್ಲ. ಊರಿನಿಂದ ದೂರ ಇರೋನಿಗೆ ಊರಿನ ಹೆಸರು ತೋರಿಸಿದ್ರೆ ಸಾಕು, ಕೈ ತಾನೇ ಜೇಬಿಗೆ ಹೋಗುತ್ತೆ. ಮಾರೋರಿಗೆ ಇದು ಚೆನ್ನಾಗಿ ಗೊತ್ತು.

ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ನಾಣ್ಯ ಬಂತು. ಮಖಮಲ್ಲಿನ ಪುಟ್ಟ ಡಬ್ಬಿ. ಖುಷಿಯಲ್ಲಿ ಐದು ಸ್ಟಾರ್ ಒತ್ತಿದೆ. ‘ಪ್ಯಾಕಿಂಗ್ ಸೂಪರ್, ಡೆಲಿವರಿ ಫಾಸ್ಟ್’ ಅಂತ ಬರೆದೆ. ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ, ‘ಅಜ್ಜನ ಹಾಲಿ ಸಿಕ್ಕಾ ಸಿಕ್ತು! ಬಹಳ ಅಪರೂಪದ್ದು, ರೇಟ್ ಕೇಳಬ್ಯಾಡ್ರಿ’ ಅಂತ ಜಂಬ ಕೊಚ್ಚಿಕೊಂಡೆ. ದೇವದುರ್ಗದ ಮಾಮ ಮೂರು ಸಲ ಥಂಬ್ಸ್ ಅಪ್ ಹಾಕಿದ. ಆ ಥಂಬ್ಸ್ ಅಪ್ಪಿನ ಕಥೆಗೆ ಆಮೇಲೆ ಬರ್ತೀನಿ.

ಮೇ ತಿಂಗಳಲ್ಲಿ ಮಾನ್ವಿಗೆ ಹೋದಾಗ ಡಬ್ಬಿ ಜೊತೆಗೆ ತಗೊಂಡು ಹೋದೆ. ಅಜ್ಜನಿಗೆ ಆಗ 92. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವನು, ಈಗಲೂ ಭೂತಗನ್ನಡಿ ಹಿಡಿದು ದಿನಾ ಪೇಪರ್ ಓದ್ತಾನೆ. ಡಬ್ಬಿ ತೆಗೆದು, ನಾಣ್ಯ ಅಂಗೈಲಿಟ್ಟುಕೊಂಡು ಎರಡು ನಿಮಿಷ ತಿರುಗಿಸಿ ನೋಡಿದ.

“ಇದು ಓದಾಕ ಬರಂಗಿಲ್ಲೋ ತಮ್ಮಾ.”

“ಯಾಕಜ್ಜಾ, ಕಣ್ಣಿಗೆ ಕಾಣವಲ್ದೇನು?”

“ಕಣ್ಣಿಗೆ ಕಾಣ್ತೈತಿ. ಓದಾಕ ಬರಂಗಿಲ್ಲ. ಇದನ್ನ ಮಾಡಿದವಗ ಅಕ್ಷರ ಬರ್ತಿದ್ದಿಲ್ಲ.”

ಆಮೇಲೆ ಚಾರ್ಮಿನಾರಿನ ನಡುವಿನ ಬಾಗಿಲಿಗೆ ಉಗುರು ಇಟ್ಟು, “ಬಾಗಲದಾಗ ಐನ್ ಎಲ್ಲೈತಿ?” ಅಂತ ಕೇಳಿದ.

ಆಗಲೇ ನನಗೆ ಗೊತ್ತಾಗಿದ್ದು. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದ ರೂಪಾಯಿಯಲ್ಲಿ ಚಾರ್ಮಿನಾರಿನ ಕಮಾನಿನ ಒಳಗೆ ‘ಐನ್’ ಅನ್ನೋ ಅಕ್ಷರ ಇರುತ್ತೆ, ಉಸ್ಮಾನ್ ಹೆಸರಿನ ಮೊದಲ ಅಕ್ಷರ. ಅವನ ತಂದೆ ಮೆಹಬೂಬ್ ಅಲಿ ಖಾನ್ ನಾಣ್ಯದಲ್ಲಿ ಅದೇ ಜಾಗದಲ್ಲಿ ‘ಮೀಮ್’. ನನ್ನ ನಾಣ್ಯದ ಬಾಗಿಲಲ್ಲಿ ಒಂದು ಚುಕ್ಕಿ, ಒಂದು ಗೀಟು. ಸುತ್ತಲಿನ ಬರಹವೂ ಹಾಗೇ, ದೂರದಿಂದ ನೋಡಿದ್ರೆ ಅಕ್ಷರ, ಹತ್ತಿರದಿಂದ ನೋಡಿದ್ರೆ ಇರುವೆ ಸಾಲು. ಅಂಗೈಯಲ್ಲಿ ಇಂಟರ್ನೆಟ್ ಇಟ್ಟುಕೊಂಡ ನಾನು ಕೇಳಬೇಕಿದ್ದ ಪ್ರಶ್ನೆಯನ್ನ ಭೂತಗನ್ನಡಿ ಹಿಡಿದ ಅಜ್ಜ ಕೇಳಿದ್ದ.

ಆದ್ರೂ ನಾನು ಒಪ್ಪಲಿಲ್ಲ. ಮರುದಿನ ರಾಯಚೂರಿಗೆ ಹೋಗಿ, ತೀನ್ ಕಂದೀಲ್ ಹತ್ತಿರ ನಮ್ಮ ಮನೆಯವರು ಮೊದಲಿಂದ ಹೋಗೋ ಒಬ್ಬ ಸರಾಫರ ಅಂಗಡಿಗೆ ನುಗ್ಗಿದೆ. ಅವರು ಏನೂ ಕೇಳಲಿಲ್ಲ. ತಕ್ಕಡಿ ಮೇಲಿಟ್ಟರು: 8.6 ಗ್ರಾಂ. ಡ್ರಾಯರಿನಿಂದ ಅಯಸ್ಕಾಂತ ತೆಗೆದು ಹತ್ತಿರ ಹಿಡಿದರು, ನನ್ನ ಬೆಳ್ಳಿ ರೂಪಾಯಿ ಟಕ್ಕಂತ ಅಂಟಿಕೊಂಡಿತು.

“ಕಬ್ಬಿಣದ ಮ್ಯಾಲ ಬಣ್ಣ. ಎಷ್ಟು ಕೊಟ್ರಿ?”

ಸುಳ್ಳು ಹೇಳಿದೆ. “ಮುನ್ನೂರು” ಅಂದೆ.

“ಮುನ್ನೂರಾದ್ರೂ ಜಾಸ್ತಿ ಆತು” ಅಂದ್ರು.

ನಿಜವಾದ ಹಾಲಿ ಸಿಕ್ಕಾ ರೂಪಾಯಿ 11.178 ಗ್ರಾಂ ತೂಗಬೇಕು, ಅದರಲ್ಲಿ ಸಾವಿರಕ್ಕೆ 818 ಪಾಲು ಬೆಳ್ಳಿ. ಅಂದ್ರೆ ಸುಮಾರು 9.14 ಗ್ರಾಂ ಶುದ್ಧ ಬೆಳ್ಳಿ. ಆ ದಿನಗಳಲ್ಲಿ ಬೆಳ್ಳಿ ಕೆಜಿಗೆ 90 ಸಾವಿರದ ಆಸುಪಾಸು ಇತ್ತು, ಲೆಕ್ಕ ಹಾಕಿದ್ರೆ ಎಂಟುನೂರು ಚಿಲ್ಲರೆ ರೂಪಾಯಿಯ ಬೆಳ್ಳಿ. ಸರಾಫರು ಇನ್ನೊಂದು ಮಾತು ಸೇರಿಸಿದ್ರು: “ಅಸಲಿ ಇದ್ರೂ ಇದು ಅಪರೂಪ ಅಲ್ಲ. ಈ ಭಾಗದಾಗ ಹಳೇ ಮನಿಗಳಾಗ ಇನ್ನೂ ಭಾಳ ಅದಾವ.” ಅಂದ್ರೆ ನಾನು ಎರಡು ಸಲ ಮೋಸ ಹೋಗಿದ್ದೆ. ಕೈಗೆ ಬಂದಿದ್ದು ನಕಲಿ. ಅಸಲಿಯೇ ಬಂದಿದ್ರೂ ಬೆಲೆ ವಿಪರೀತ.

ಈಗ ಆ ಬರಹಕ್ಕೆ ವಾಪಸ್ ಬರೋಣ. ಸಾಲು ಸಾಲಾಗಿ ಓದೋಣ.

‘1857ರ’. ಯಾವ ಅಂಗಡಿಯವನಿಗೂ ಈ ಇಸವಿ ಇಷ್ಟ, ಸ್ಕೂಲಲ್ಲಿ ಎಲ್ಲರೂ ಓದಿರ್ತಾರಲ್ಲ. ಆದರೆ ಚಾರ್ಮಿನಾರ್ ಚಿತ್ರದ, ಯಂತ್ರದಲ್ಲಿ ಟಂಕಿಸಿದ ರೂಪಾಯಿ ಬಂದಿದ್ದು 20ನೇ ಶತಮಾನದ ಆರಂಭದಲ್ಲಿ. 1857ರಲ್ಲಿ ಆ ಚಿತ್ರವೇ ಇರಲಿಲ್ಲ. ಇನ್ನೊಂದು ತಮಾಷೆ ಇದೆ. 1853ರಲ್ಲಿ ನಿಜಾಮ ಸಾಲದ ಬಾಬ್ತಿಗೆ ಬೇರಾರಿನ ಜೊತೆ ರಾಯಚೂರು ದೋಆಬನ್ನೂ ಬ್ರಿಟಿಷರ ಆಡಳಿತಕ್ಕೆ ಬಿಟ್ಟುಕೊಟ್ಟಿದ್ದ, ಅದು ವಾಪಸ್ ಬಂದಿದ್ದು 1860ರಲ್ಲಿ. ಅಂದ್ರೆ 1857ರಲ್ಲಿ ರಾಯಚೂರನ್ನ ಆಳ್ತಿದ್ದವನು ನಿಜಾಮನೇ ಅಲ್ಲ. ಇಸವಿ ಹಾಕಿದವನು ಹತ್ತು ನಿಮಿಷ ಓದಿದ್ರೆ ಬೇರೆ ಇಸವಿ ಹಾಕ್ತಿದ್ದ. ನಾನು ಹತ್ತು ನಿಮಿಷ ಓದಿದ್ರೆ ಕೊಳ್ತಾನೇ ಇರಲಿಲ್ಲ.

‘ರಾಯಚೂರು ಕೋಟೆ ಪ್ರದೇಶದಲ್ಲಿ ಸಿಕ್ಕಿದ್ದು’. ಇಡೀ ಬರಹದಲ್ಲಿ ಅತಿ ಹೆಚ್ಚು ಕೆಲಸ ಮಾಡೋ ಸಾಲು ಇದು. ನಮ್ಮ ಜಿಲ್ಲೆಯಲ್ಲಿ ಇಂಥ ಮಾತು ಯಾರು ಹೇಳಿದ್ರೂ ನಂಬೋ ಹಾಗಿರುತ್ತೆ. ಅಶೋಕನ ಹೆಸರನ್ನೇ ಹೇಳೋ ಶಾಸನ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕಿತು. ರಾಯಚೂರು ಕೋಟೆಯ ಉದ್ದದ ಕಲ್ಲಿನ ಮೇಲಿನ ಶಾಸನದಲ್ಲಿ 1294ರಲ್ಲಿ ಕೋಟೆ ಕಟ್ಟಿಸಿದ ವಿಷಯ ಇದೆ. ಕೃಷ್ಣಾ ತುಂಗಭದ್ರೆ ನಡುವಿನ ಈ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದ್ರು, 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನ ಇಲ್ಲೇ ಸೋಲಿಸಿದ. ಇಂಥ ನೆಲದಲ್ಲಿ ನಾಣ್ಯ ಸಿಗಲ್ಲ ಅಂತ ಯಾರು ಹೇಳ್ತಾರೆ?

ಆದರೆ ಒಂದು ನಿಮಿಷ ನಿಂತು ಆ ಸಾಲನ್ನ ನಿಜ ಅಂತಲೇ ಇಟ್ಟುಕೊಳ್ಳಿ. ಕೋಟೆ ಹತ್ತಿರ ನೆಲದೊಳಗೆ ಸಿಕ್ಕಿದ್ದಾದ್ರೆ ಅದನ್ನ ಸರ್ಕಾರಕ್ಕೆ ತಿಳಿಸಬೇಕು, 1878ರ ನಿಧಿ ಕಾಯ್ದೆ ಕಾಲದಿಂದ ಇರೋ ನಿಯಮ ಇದು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅದರ ವ್ಯಾಪಾರ ಮಾಡೋಕೆ ಪರವಾನಗಿ ಬೇಕು, ದೇಶದಿಂದ ಹೊರಗೆ ಖಾಸಗಿಯವರು ಕಳಿಸೋ ಹಾಗಿಲ್ಲ. (ಅಮೆರಿಕದಲ್ಲಿರೋ ಗೆಳೆಯನಿಗೆ ಉಡುಗೊರೆ ಅಂತ ಸೂಟ್‌ಕೇಸಲ್ಲಿ ಹಾಕೋರು ಇದನ್ನ ನೆನಪಿಟ್ಕೊಳ್ಳಿ.) ಹಾಗಾಗಿ ‘ಕೋಟೆಯಲ್ಲಿ ಸಿಕ್ಕಿದ್ದು’ ಅನ್ನೋ ಸಾಲು ಸುಳ್ಳಾದ್ರೆ ಮೋಸ, ನಿಜವಾದ್ರೆ ಅಪರಾಧ. ಎರಡರಲ್ಲಿ ಯಾವುದಾದ್ರೂ ಕೊಳ್ಳೋನಿಗೆ ಒಳ್ಳೇದಿಲ್ಲ. ನಮಗೆ ಮಾತ್ರ ಅದು ರೋಮಾಂಚನ ಅನಿಸ್ತದೆ.

‘ಒಂದೇ ಪೀಸ್ ಉಳಿದಿದೆ’. ಊರಿಂದ ಬಂದ ಮೇಲೆ ನೋಡಿದೆ, ಆಗಲೂ ಒಂದೇ ಪೀಸ್ ಉಳಿದಿತ್ತು.

‘ಆಂಟಿಕ್ ಸ್ಟೈಲ್’. ಇದು ಬರಹದ ಅತ್ಯಂತ ಪ್ರಾಮಾಣಿಕ ಪದ. ‘ಸ್ಟೈಲ್’ ಅಂದ್ರೆ ಹಾಗೆ ಕಾಣೋದು, ಹಾಗೆ ಇರೋದಲ್ಲ. ‘ವಿಂಟೇಜ್ ಲುಕ್’, ‘ಶೋಪೀಸ್’, ‘ಟೈಪ್’ ಎಲ್ಲ ಇದೇ ಮನೆತನದ ಪದಗಳು. ನಾಳೆ ನೀವು ದೂರು ಕೊಟ್ರೆ ಅಂಗಡಿಯವನು ಈ ಒಂದು ಪದ ತೋರಿಸಿ ಕೈ ತೊಳ್ಕೊಳ್ತಾನೆ. ನಾನು ದೂರು ಕೊಟ್ಟಾಗ ಆಗಿದ್ದೂ ಅದೇ. ಜೊತೆಗೆ ವಾಪಸ್ ಕಳಿಸೋ ಏಳು ದಿನದ ಗಡುವು ಯಾವಾಗಲೋ ಮುಗಿದಿತ್ತು.

ಉಳಿದಿದ್ದು ನಾಲ್ಕೂವರೆ ಸ್ಟಾರ್. ಇದೊಂದು ಸುಳ್ಳನ್ನ ಅಂಗಡಿಯವನು ಒಬ್ಬನೇ ಬರೆದಿದ್ದಲ್ಲ, ನಾವೆಲ್ಲ ಸೇರಿ ಬರೆದಿದ್ದು. ಮುನ್ನೂರಕ್ಕೂ ಹೆಚ್ಚು ಜನ ರಿವ್ಯೂ ಹಾಕಿದ್ರು. ಕೂತು ಅಷ್ಟನ್ನೂ ಓದಿದೆ. ಡಬ್ಬಿ ಚೆನ್ನಾಗಿದೆ, ಬೇಗ ಬಂತು, ಮಗನಿಗೆ ಇಷ್ಟ ಆಯ್ತು. ನಾಣ್ಯ ತೂಗಿದವನು ಒಬ್ಬನೂ ಇಲ್ಲ. ಅದರಲ್ಲಿ ನನ್ನ ‘ಪ್ಯಾಕಿಂಗ್ ಸೂಪರ್’ ಕೂಡ ಇತ್ತು. ನನ್ನ ನಂತರ ಕೊಂಡವನು ನನ್ನನ್ನ ನಂಬಿ ಕೊಂಡಿರಬಹುದು.

ಅದೇ ಅಂಗಡಿಯಲ್ಲಿ ‘ಕೃಷ್ಣದೇವರಾಯನ ಚಿನ್ನದ ವರಹ’ ಕೂಡ ಇತ್ತು, ಬೆಲೆ 4,999. ವಿಜಯನಗರದ ವರಹ ಸುಮಾರು 3.4 ಗ್ರಾಂ ತೂಗುತ್ತೆ. ಆಗ ಚಿನ್ನ ಗ್ರಾಮಿಗೆ 6 ಸಾವಿರ ದಾಟಿತ್ತು. ಕರಗಿಸಿದ್ರೇ 20 ಸಾವಿರ ಬರೋದನ್ನ ಯಾವ ಪುಣ್ಯಾತ್ಮ 5 ಸಾವಿರಕ್ಕೆ ಮಾರ್ತಾನೆ? ಇದಕ್ಕೆ ನಾಣ್ಯಶಾಸ್ತ್ರ ಬೇಕಿಲ್ಲ, ಮೂರನೇ ಕ್ಲಾಸಿನ ಗುಣಾಕಾರ ಸಾಕು. ಅದರ ಕೆಳಗೂ ಸ್ಟಾರ್‌ಗಳು ಮಿಂಚ್ತಾ ಇದ್ದವು.

ಈ ಇಡೀ ದಂಧೆ ನಿಂತಿರೋದು ಎರಡು ನಂಬಿಕೆ ಮೇಲೆ: ಹಳೆಯದೆಲ್ಲ ಅಪರೂಪ, ಅಪರೂಪದ್ದೆಲ್ಲ ದುಬಾರಿ. ಎರಡೂ ತಪ್ಪು. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಮುದ್ರೆಯೊತ್ತಿದ ಬೆಳ್ಳಿ ನಾಣ್ಯಗಳು ದೇಶದ ತುಂಬ ಗಡಿಗೆಗಟ್ಟಲೆ ಸಿಕ್ಕಿವೆ, ಅದಕ್ಕೇ ಅವುಗಳಲ್ಲಿ ಸಾಧಾರಣವಾದವಕ್ಕೆ ದೊಡ್ಡ ಬೆಲೆ ಇಲ್ಲ. ಅದೇ ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿಗೆ ಇನ್ನೂ ನೂರು ವರ್ಷ ಆಗಿಲ್ಲ, ಸಂಗ್ರಾಹಕರು ಅದಕ್ಕೆ ಜೀವ ಬಿಡ್ತಾರೆ, ಯಾಕಂದ್ರೆ ಹೊರಗೆ ಬಂದಿದ್ದೇ ಕಡಿಮೆ. 1911ರ ಐದನೇ ಜಾರ್ಜ್ ರೂಪಾಯಿದು ಇನ್ನೊಂದು ಕಥೆ. ರಾಜನ ನಿಲುವಂಗಿ ಮೇಲಿದ್ದ ಆನೆ ಜನರ ಕಣ್ಣಿಗೆ ಹಂದಿ ಥರ ಕಂಡು ಗಲಾಟೆ ಆಯ್ತು. ಸರ್ಕಾರ ಹಂಚದೆ ಉಳಿದ ನಾಣ್ಯ ಕರಗಿಸಿ ಮುಂದಿನ ವರ್ಷ ಆನೆಯನ್ನ ತಿದ್ದಿತು. ಬೆಲೆ ಹುಟ್ಟೋದು ಇಂಥ ಕಾರಣಗಳಿಂದ: ಎಷ್ಟು ಟಂಕಿಸಿದ್ರು, ಎಷ್ಟು ಉಳಿದಿವೆ, ಎಷ್ಟು ಸವೆದಿವೆ, ಎಷ್ಟು ಜನಕ್ಕೆ ಬೇಕಾಗಿವೆ. ವಯಸ್ಸೊಂದೇ ಸಾಲದು.

ಇನ್ನು ಕೆಲವು ನಾಣ್ಯಗಳಿಗೆ ವಯಸ್ಸೇ ಇಲ್ಲ. ಒಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ 1818’, ಇನ್ನೊಂದು ಕಡೆ ರಾಮ, ಸೀತೆ, ಹನುಮ ಇರೋ ತಾಮ್ರದ ಬಿಲ್ಲೆ ನೀವೂ ನೋಡಿರ್ತೀರಿ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ, ಅದು ಆಮೇಲೆ ಯಾರೋ ಮಾಡಿದ ಬಿಲ್ಲೆ. ಮದ್ರಾಸ್ ಕಡೆ ಕಂಪನಿ ದೇವರ ಚಿತ್ರದ ಚಿನ್ನದ ಪಗೋಡಾ ಟಂಕಿಸಿದ್ದು ನಿಜ, ಆ ಒಂದು ನಿಜದ ನೆರಳಲ್ಲಿ ಈ ಸುಳ್ಳು ಬದುಕ್ತಾ ಇದೆ. ಇದು ಅಕ್ಕಿಕಾಳು ಎಳೆಯುತ್ತೆ, ಇದರಲ್ಲಿ ಶಕ್ತಿ ಇದೆ ಅಂತ ಲಕ್ಷಗಟ್ಟಲೆ ಕಿತ್ತ ಕೇಸುಗಳು ನಮ್ಮ ರಾಜ್ಯದಲ್ಲೂ ಆಗಿವೆ.

ಈಗ ದೇವದುರ್ಗಕ್ಕೆ ಬರ್ತೀನಿ. ಇಲ್ಲೀ ತನಕ ಹೇಳಿದ್ದು 2,899 ರೂಪಾಯಿ ನಷ್ಟದ ಮಾತು, ನನ್ನ ಸಂಬಳಕ್ಕೆ ಅದು ವೀಕೆಂಡಿನ ಖರ್ಚು. ಮಾಮಂದು ಹಾಗಲ್ಲ.

ಮಾಮ ದೇವದುರ್ಗದ ಹತ್ತಿರ ನಾಲ್ಕು ಎಕರೆ ಹತ್ತಿ ಬೆಳೆಯೋ ರೈತ. ಗ್ರೂಪಲ್ಲಿ ನನ್ನ ಫೋಟೋ ನೋಡಿ ಅವನಿಗೆ ಒಂದು ವಿಚಾರ ಬಂತಂತೆ: ಬೆಂಗಳೂರಾಗ ಓದಿದ ಹುಡುಗನೇ ನಾಣ್ಯಕ್ಕೆ ರೊಕ್ಕ ಸುರೀತಾನ ಅಂದ್ರ ಇದರಾಗ ಏನೋ ಐತಿ. ಅವನ ಹತ್ತಿರ ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯ ಇತ್ತು. ಯೂಟ್ಯೂಬಿನಲ್ಲಿ ಹುಡುಕಿದ. ‘ಈ ನಾಣ್ಯ ನಿಮ್ಮತ್ರ ಇದ್ರೆ 10 ಲಕ್ಷ’ ಅಂತ ಕನ್ನಡದಲ್ಲೇ ವಿಡಿಯೋ ಸಿಕ್ತು, ಕೆಳಗೆ ನಂಬರ್ ಸಿಕ್ತು.

ಆ ನಾಣ್ಯದ ನಿಜ ಇಷ್ಟೇ. ಮಾತಾ ವೈಷ್ಣೋದೇವಿ ದೇಗುಲ ಮಂಡಳಿಯ ಬೆಳ್ಳಿಹಬ್ಬಕ್ಕೆ 2012ರಲ್ಲಿ ಸರ್ಕಾರವೇ 5 ಮತ್ತು 10 ರೂಪಾಯಿಯ ನಾಣ್ಯ ಹೊರಡಿಸಿತು. ಚಲಾವಣೆಗೆ ಅಂತಲೇ ಬಿಟ್ಟಿದ್ದು. ಐದು ರೂಪಾಯಿ ನಾಣ್ಯಕ್ಕೆ ಐದು ರೂಪಾಯಿಯ ಚಹಾ ಬರುತ್ತೆ.

ಮಾಮನಿಗೆ ಆ ಕಡೆಯವನು 12 ಲಕ್ಷ ಅಂದ. ಮೊದಲು ನೋಂದಣಿ ಅಂತ 1,250. ಆಮೇಲೆ ಜಿಎಸ್‌ಟಿ ಅಂತ 8,500. ಆಮೇಲೆ ರಿಸರ್ವ್ ಬ್ಯಾಂಕಿನ ಮುದ್ರೆ, ಸಹಿ ಇರೋ ಪತ್ರವೊಂದು ವಾಟ್ಸಾಪಿನಲ್ಲಿ ಬಂತು, ಅದರ ಬಾಬ್ತು 28,000. ಒಟ್ಟು 37,750. ಇನ್ಶೂರೆನ್ಸ್ ಅಂತ ಮತ್ತೆ 45,000 ಕೇಳಿದಾಗ ಮಾಮನ ಕೈ ಖಾಲಿ ಆಗಿತ್ತು. ಬಿತ್ತನೆ ಬೀಜಕ್ಕೂ ಗೊಬ್ಬರಕ್ಕೂ ಇಟ್ಟಿದ್ದ ರೊಕ್ಕ ಅದು.

ಇದನ್ನ ಅವನು ಹತ್ತೊಂಬತ್ತು ದಿನ ಯಾರಿಗೂ ಹೇಳಲಿಲ್ಲ. ನಾನು ಊರಿಗೆ ಬಂದೀನಿ ಅಂತ ಮಾತಾಡಿಸೋಕೆ ಮಾನ್ವಿಗೆ ಬಂದವನು, ನನ್ನ ನಾಣ್ಯ ಕಬ್ಬಿಣ ಅಂತ ಗೊತ್ತಾದ ಮೇಲೆ ಮೆಲ್ಲಗೆ ಬಾಯಿ ಬಿಟ್ಟ. “ನಿಂದೂ ಹಂಗ ಆತಲ್ಲ, ಅದಕ್ಕ ಹೇಳಾಕತ್ತೀನಿ” ಅಂದ. 1930ಕ್ಕೆ ಫೋನ್ ಮಾಡಿದ್ವಿ, ಸೈಬರ್ ಕ್ರೈಂ ಪೋರ್ಟಲಿನಲ್ಲಿ ದೂರು ಹಾಕಿದ್ವಿ. ದುಡ್ಡು ಹೋದ ಮೊದಲ ಕೆಲವು ಗಂಟೆಗಳಲ್ಲಿ ಹೇಳಿದ್ರೆ ಖಾತೆಯಲ್ಲೇ ತಡೆದು ಹಿಡಿಯೋ ಸಾಧ್ಯತೆ ಇರುತ್ತೆ. ಹತ್ತೊಂಬತ್ತು ದಿನದಲ್ಲಿ ಅದು ಎಷ್ಟು ಖಾತೆ ದಾಟಿತ್ತೋ. ವಾಪಸ್ ಬರಲಿಲ್ಲ.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಪ್ರಕಟಣೆ ಕೊಟ್ಟಿತ್ತು. ಹಳೇ ನೋಟು ನಾಣ್ಯಗಳ ಕೊಡು-ಕೊಳ್ಳುವ ವ್ಯವಹಾರ ನಾವು ಮಾಡಲ್ಲ, ಅದಕ್ಕೆ ಶುಲ್ಕ ಕಮಿಷನ್ ಕೇಳಲ್ಲ, ನಮ್ಮ ಹೆಸರಲ್ಲಿ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಅದೇ ವರ್ಷ ಬೆಂಗಳೂರಿನ ಮಹಿಳೆಯೊಬ್ಬರು 1947ರ ನಾಣ್ಯ ಮಾರೋಕೆ ಹೋಗಿ, ಒಂದು ಕೋಟಿಯ ಆಸೆಗೆ ಲಕ್ಷ ರೂಪಾಯಿ ಕಳ್ಕೊಂಡಿದ್ದು ಪೇಪರಲ್ಲಿ ಬಂದಿತ್ತು. 1947ರ ರೂಪಾಯಿ ಬೆಳ್ಳಿಯದ್ದೂ ಅಲ್ಲ, ನಿಕ್ಕಲ್. ಹುಲಿ ಚಿತ್ರದ ಆ ನಾಣ್ಯ ಕೋಟಿಗಟ್ಟಲೆ ಟಂಕಿಸಿದ್ರು. ಅಂದ ಹಾಗೆ ನಿಕ್ಕಲ್ಲಿಗೆ ಅಯಸ್ಕಾಂತ ಅಂಟುತ್ತೆ. ‘ಅಂಟಿದ್ರೆ ನಕಲಿ’ ಅಂತ ನನ್ನ ಕಥೆ ಓದಿ ಕಣ್ಣು ಮುಚ್ಚಿ ನಂಬಬೇಡಿ. ಬೆಳ್ಳಿ ಅಂತ ಹೇಳಿ ಕೊಟ್ಟಿದ್ದು ಅಂಟಿದ್ರೆ ನಕಲಿ.

ಕೊಳ್ಳೋನಿಗೆ ಬೀಸಿದ ಬಲೆ, ಮಾರೋನಿಗೆ ಬೀಸಿದ ಬಲೆ ಬೇರೆ ಬೇರೆ ಅಂತ ನಾನು ಅಂದ್ಕೊಂಡಿದ್ದೆ. ಮಾಮನ ಕಥೆ ಕೇಳಿದ ಮೇಲೆ ಹಾಗನಿಸ್ತಿಲ್ಲ. ನನ್ನಂಥವರು ಸುಳ್ಳು ಬೆಲೆಗೆ ಕೊಂಡು ಜಂಬ ಕೊಚ್ಚಿದಾಗಲೇ ಮಾಮನಂಥವರಿಗೆ ‘ಹೌದು, ಕೊಳ್ಳೋರು ಇದ್ದಾರೆ’ ಅಂತ ನಂಬಿಕೆ ಬರೋದು. ವಿಡಿಯೋದವನು ಹೇಳಿದ್ರೆ ಅರ್ಧ ನಂಬ್ತಿದ್ದ. ಉಳಿದ ಅರ್ಧ ನಾನು ಒದಗಿಸಿದೆ.

ಆನ್‌ಲೈನ್ ಪೂರ್ತಿ ಕೆಟ್ಟದ್ದು ಅಂತ ಮುಗಿಸಿಬಿಟ್ರೆ ಅದೂ ಅನ್ಯಾಯ. ಮೊದಲು ಒಳ್ಳೇ ನಾಣ್ಯ ನೋಡಬೇಕಂದ್ರೆ ಮುಂಬೈಗೋ ಹೈದರಾಬಾದಿಗೋ ಹೋಗಬೇಕಿತ್ತು. ಈಗ ಮಾನ್ವಿಯಲ್ಲಿ ಕೂತ ಹುಡುಗ ದೊಡ್ಡ ಹರಾಜು ಮನೆಗಳ ಕ್ಯಾಟಲಾಗನ್ನ ಪುಕ್ಕಟೆ ನೋಡಬಹುದು, ತೂಕ, ಅಳತೆ, ಎರಡೂ ಬದಿಯ ಸ್ಪಷ್ಟ ಚಿತ್ರ ಸಮೇತ. ಎಷ್ಟಕ್ಕೆ ಮಾರಾಟ ಆಯ್ತು ಅನ್ನೋದೂ ಅಲ್ಲಿ ಸಿಗುತ್ತೆ. ಮುಖ್ಯ ಅದೇ. ಶಾಪಿಂಗ್ ಆಪಿನಲ್ಲಿ ಕಾಣೋದು ಕೇಳಿದ ಬೆಲೆ, ಹರಾಜಿನಲ್ಲಿ ಕಾಣೋದು ಕೊಟ್ಟ ಬೆಲೆ. ನಾನು ನನ್ನ ಹಳೇ ಬೈಕಿಗೆ ಕೋಟಿ ಕೇಳಬಹುದು, ಅಷ್ಟಕ್ಕೆ ಅದು ಕೋಟಿಯ ಬೈಕ್ ಆಗಲ್ಲ. ಹೊಸ ಸ್ಮರಣ ನಾಣ್ಯ ಬೇಕಂದ್ರೆ ಭಾರತ ಸರ್ಕಾರದ ಟಂಕಸಾಲೆಯೇ ಆನ್‌ಲೈನಿನಲ್ಲಿ ಮಾರುತ್ತೆ. ಎನ್‌ಜಿಸಿ, ಪಿಸಿಜಿಎಸ್ ಅಂತ ಅಮೆರಿಕದ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ನಂಬರ್ ಕೊಡ್ತವೆ. ಆ ಪೆಟ್ಟಿಗೆಯನ್ನೂ ನಕಲು ಮಾಡೋರು ಇದ್ದಾರೆ. ಆದ್ರೆ ಆ ನಂಬರನ್ನ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ಚಿತ್ರ ಹೋಲಿಸಿ ನೋಡೋಕೆ ಐದು ನಿಮಿಷ ಸಾಕು.

ನಾನು ಈಗ ಮಾಡೋದು ಇಷ್ಟು. ಮಾರೋನಿಗೆ ಮೂರು ಪ್ರಶ್ನೆ ಕಳಿಸ್ತೀನಿ: ತೂಕ ಎಷ್ಟು? ತಕ್ಕಡಿ ಮೇಲಿಟ್ಟ ಫೋಟೋ ಕಳಿಸ್ತೀರಾ? ಅಸಲಿ ಅಂತ ಬರೆದ ಬಿಲ್ ಕೊಟ್ಟು, ಅಲ್ಲ ಅಂತಾದ್ರೆ ವಾಪಸ್ ತಗೊಳ್ತೀರಾ? ಇಲ್ಲೀ ತನಕ ಹನ್ನೊಂದು ಜನಕ್ಕೆ ಕಳಿಸಿದ್ದೀನಿ. ಒಂಬತ್ತು ಜನ ಉತ್ತರ ಕೊಡಲಿಲ್ಲ. ಒಬ್ಬ ಬ್ಲಾಕ್ ಮಾಡಿದ. ಒಬ್ಬರು ಮಾತ್ರ ಮೂರಕ್ಕೂ ಉತ್ತರ ಕೊಟ್ಟು, ಜೊತೆಗೆ “ಹುಣಸೆಹಣ್ಣು ಹಾಕಿ ತೊಳೀಬೇಡಿ ಸರ್, ಮೇಲಿನ ಹಳೇ ಬಣ್ಣ ಹೋದ್ರೆ ಬೆಲೆನೂ ಹೋಗುತ್ತೆ” ಅಂತ ಬುದ್ಧಿ ಹೇಳಿದ್ರು. ಅವರ ಹತ್ತಿರ ಒಂದು ಹಾಲಿ ಸಿಕ್ಕಾ ಕೊಂಡೆ. ರಾಯಚೂರಿನ ತಕ್ಕಡಿ ಮೇಲೆ 11.1 ತೂಗಿತು, ಸ್ವಲ್ಪ ಸವೆದಿದೆ. ಬಾಗಿಲಲ್ಲಿ ಐನ್ ಇದೆ. ಅಜ್ಜ ಎರಡೂ ಬದಿ ಜೋರಾಗಿ ಓದಿ ಹೇಳಿದ. ಆಮೇಲೆ ಒಳಗಿನ ಕೋಣೆ ಕಡೆ ಕೈ ಮಾಡಿ, “ಇಂಥವು ನಲವತ್ತು ಇದ್ವು. ನಮ್ಮಪ್ಪ ಕರಗಿಸಿ ನಿಮ್ಮಜ್ಜಿಗೆ ಕಡಗ ಮಾಡ್ಸಿದ” ಅಂದ. ಕಡಗ ಈಗ ನನ್ನ ಅವ್ವನ ಹತ್ತಿರ ಇದೆ.

ಹಳೇ ರಿವ್ಯೂ ತಿದ್ದಿದೆ. ಐದು ಸ್ಟಾರ್ ತೆಗೆದು ಒಂದು ಹಾಕಿ, ‘ತೂಕ 8.6 ಗ್ರಾಂ, ಇರಬೇಕಾದ್ದು 11.178, ಅಯಸ್ಕಾಂತಕ್ಕೆ ಅಂಟುತ್ತೆ’ ಅಂತಷ್ಟೇ ಬರೆದೆ. ಮಾಮನಿಗೆ ಬೀಜ ಗೊಬ್ಬರದ ದುಡ್ಡು ಕಳಿಸಿದೆ. ಸಾಲ ಅಂತ ಮಾತ್ರ ತಗೊಂಡ.

ಹೋದ ತಿಂಗಳು ಮಾಮನಿಗೆ ಇನ್ನೊಂದು ಫೋನ್ ಬಂತಂತೆ. ಒಂದು ಸಲ ಮೋಸ ಹೋದವರ ನಂಬರ್ ಇಂಥವರ ಕೈಯಿಂದ ಕೈಗೆ ದಾಟ್ತಾ ಇರುತ್ತೆ. ‘ನಿಮ್ಮ 37,750 ಸಿಕ್ಕೈತಿ, 5 ಸಾವಿರ ಪ್ರೊಸೆಸಿಂಗ್ ಫೀ ಕಟ್ರಿ, ವಾಪಸ್ ಹಾಕ್ತೀವಿ’ ಅಂದನಂತೆ ಆ ಕಡೆಯವನು.

“ನೀ ಏನಂದಿ ಮಾಮಾ?”

“ಆ ಐದು ಸಾವಿರ ನನ್ನ ರೊಕ್ಕದಾಗ ಮುರ್ಕೊಂಡು ಉಳಿದದ್ದು ಹಾಕ್ರಿ ಅಂದೆ. ಫೋನ್ ಇಟ್ಟ.”